ಕೆಂಗೇರಿಯ ಹಲ್ಲಿ, ನನ್ನ ದವಡೆ

ಕೆಲವರಿಗೆ ಕಾಲು ಸರಿಯಿರುವುದಿಲ್ಲ, ಹೋದಲ್ಲೆಲ್ಲ ಎಡವುತ್ತಾರೆ. ಕೆಲವರಿಗೆ ನಾಲಿಗೆ ಸರಿಯಿರುವುದಿಲ್ಲ, ಕೂತಲ್ಲೆಲ್ಲ ಜಗಳ ತರುತ್ತಾರೆ. ನನಗೆ ದೇವರು ಕಾಲು, ನಾಲಿಗೆ ಎರಡನ್ನೂ ನೆಟ್ಟಗೆ ಕೊಟ್ಟು ದವಡೆಯಲ್ಲಿ ಕೈಕೊಟ್ಟ. ಒಂದು ಕೀಲು ಕೆಟ್ಟಿತೆಂದರೆ ಒಂದಲ್ಲ ಒಂದು ಪ್ರಸಂಗ ಬಂದು ಅದಕ್ಕೆ ಅಂಟಿಕೊಳ್ಳುತ್ತಲೇ ಇರುತ್ತದೆ. ಕೀಲು ವಾಸಿಯಾದರೂ ಪ್ರಸಂಗ ಬಿಡುವುದಿಲ್ಲ.

ಐವತ್ತರ ದಶಕದ ಮಾತು. ಆಗ ನಾನು ಮಾಗಡಿ ರಸ್ತೆ ಕಡೆಯ ಒಂದು ಬಟ್ಟೆ ಗಿರಣಿಯಲ್ಲಿ ಮಗ್ಗ ನಡೆಸುತ್ತಿದ್ದೆ. ಮನೆ ಮೂಡಲಪಾಳ್ಯದಲ್ಲಿ. ಮನೆಯೊಳಗೆ ನಾನು, ನಮ್ಮವ್ವ; ಹಿತ್ತಿಲಲ್ಲಿ ಎರಡು ಎಮ್ಮೆ. ನನ್ನ ಬಲಗಿವಿಯ ಮುಂದೆ, ದವಡೆ ಹೋಗಿ ತಲೆಗೆ ಸೇರುತ್ತದಲ್ಲ, ಅಲ್ಲಿ ವರ್ಷಗಟ್ಟಲೆಯಿಂದ ಒಂದು ನೋವಿತ್ತು. ಬಾಯಿ ಸ್ವಲ್ಪ ಅಗಲ ತೆಗೆದರೆ ಅಲ್ಲಿಂದ ಒಂದು ಸದ್ದು ಬೇರೆ ಬರುತ್ತಿತ್ತು. ಬೆರಳ ನಟಿಕೆ ತೆಗೆದಂತೆ ಒಣ ಸದ್ದಲ್ಲ, ಒದ್ದೆ ಸದ್ದು: ಲೊಚಕ್. ಈ ಲೊಚಕ್ ನನ್ನ ಮದುವೆಯನ್ನು ಮಾಡಿಸಿತು, ಕೆಡಿಸಲು ನೋಡಿತು, ಕೊನೆಗೆ ನನ್ನನ್ನು ಇವತ್ತಿನ ಸ್ಥಿತಿಗೆ ತಂದಿತು. ಹೇಗೆಂದು ಕೇಳಿ.

ಬಾಯಿ ಬಿಟ್ಟವನ ಭಾಗ್ಯ

ಗಿರಣಿಯಲ್ಲಿ ನೂರಾರು ಮಗ್ಗ ಒಟ್ಟಿಗೆ ಬಡಿದುಕೊಳ್ಳುವಾಗ ಪಕ್ಕದವನು ಕಿವಿಗೇ ಬಾಯಿಟ್ಟು ಕೂಗಿದರೂ ಕೇಳದು. ಅದಕ್ಕೇ ನಮ್ಮಲ್ಲಿ ಯಾರೂ ಕೂಗುತ್ತಿರಲಿಲ್ಲ. ದನಿಯಿಲ್ಲದೆ ಬಾಯಿ ಅಗಲಿಸಿ ತುಟಿಯಾಡಿಸುವುದು, ಎದುರಿನವನು ತುಟಿ ನೋಡಿ ಅರ್ಥ ಮಾಡಿಕೊಳ್ಳುವುದು. ಊರ ಸುದ್ದಿ, ಮೇಸ್ತ್ರಿಯ ಮೇಲಿನ ಬೈಗುಳ, ಎಲ್ಲವೂ ಹೀಗೇ. ಹತ್ತು ವರ್ಷ ಹೀಗೆ ಬಾಯಿ ಅಗಲಿಸಿದ್ದಕ್ಕೇ ನನ್ನ ಕೀಲು ಸವೆಯಿತು ಎಂದು ನನ್ನ ನಂಬಿಕೆ.

ನನ್ನೆದುರಿನ ಮಗ್ಗದವನು ಕೆಂಗೇರಿಯವನು. ಒಳ್ಳೆಯ ಗೆಳೆಯ, ಆದರೆ ಕಣ್ಣೀರು ಅವನ ಮೂಗಿನ ತುದಿಯಲ್ಲೇ ಇರುತ್ತಿತ್ತು. ಒಂದು ಮಧ್ಯಾಹ್ನ ನಾನು ಆಕಳಿಸಿದೆ. ಬಾಯಿ ತೆರೆಯಿತು, ಮುಚ್ಚಲಿಲ್ಲ. ಕೀಲು ಎಲ್ಲೋ ಜಾರಿ ಸಿಕ್ಕಿಕೊಂಡಿತ್ತು. ನೋವಿಗೆ ಕಣ್ಣಲ್ಲಿ ನೀರು ಬರತೊಡಗಿತು. ಸರಿಯಾಗಿ ಅದೇ ಗಳಿಗೆಯಲ್ಲಿ ಆ ಪುಣ್ಯಾತ್ಮ ಮಗ್ಗದಾಚೆಯಿಂದ ತುಟಿಯಾಡಿಸಿದ: "ನಿಂಗೆ ಹೆಣ್ಣು ಹುಡುಕ್ತಾವ್ರಂತೆ. ನನ್ ತಂಗಿ ಅವ್ಳೆ ಕಣ್ಲಾ. ನೋಡಾಕೆ ಬತ್ತೀಯಾ?"

ನಾನು ಏನು ಹೇಳಲಿ? ಬಾಯಿ ಬಿಟ್ಟುಕೊಂಡು, ಕಣ್ಣೀರು ಸುರಿಸುತ್ತ ನಿಂತಿದ್ದೆ. ಅವನು ನನ್ನ ಮುಖ ನೋಡಿ ಕರಗಿ ಹೋದ. ಅವನ ಕಣ್ಣಲ್ಲೂ ನೀರು. "ಇಷ್ಟೊಂದು ಸಂತೋಸ ಪಡ್ತೀಯ ಅಂತ ಗೊತ್ತಿರ್ಲಿಲ್ಲ ಕಣ್ಲಾ. ಅಳ್ಬ್ಯಾಡ. ಭಾನ್ವಾರ ಬಾ," ಎಂದು ತುಟಿಯಾಡಿಸಿ, ಆ ಸಾಲಿನವರಿಗೆಲ್ಲ ಸುದ್ದಿ ಹರಡಿದ. ಮೇಸ್ತ್ರಿ ಬಂದು ನೋಡಿ, ನನ್ನ ಗದ್ದಕ್ಕೆ ಅಂಗೈಯಲ್ಲಿ ಒಂದು ಗುದ್ದು ಕೊಟ್ಟ. ಲೊಚಕ್ ಎಂದು ಕೀಲು ಒಳಗೆ ಹೋಯಿತು.

ನನ್ನ ಬಾಯಿ ಮುಚ್ಚುವಷ್ಟರಲ್ಲಿ ಹೆಣ್ಣು ನೋಡುವ ದಿನ ನಿಶ್ಚಯವಾಗಿ, ಇಬ್ಬರು ಊಟಕ್ಕೆ ತಾವೂ ಬರುವುದಾಗಿ ಹೇಳಿಯೂ ಆಗಿತ್ತು.

ತಾತ ಗೋಡೆಯನ್ನು ಕೇಳಿದ್ದು

ಕೆಂಗೇರಿಯ ಆ ಮನೆಯಲ್ಲಿ ತಾತ ಹೇಳಿದ್ದೇ ವೇದ. ತಾತನಿಗೆ ಹಲ್ಲಿ ಹೇಳಿದ್ದೇ ವೇದ. ಎತ್ತು ಕೊಳ್ಳಬೇಕಾದರೆ, ಬಿತ್ತನೆ ಶುರು ಮಾಡಬೇಕಾದರೆ ಗೋಡೆ ಕಡೆ ತಿರುಗಿ ಕೇಳುವರು. ಹಲ್ಲಿ ಲೊಚಗುಟ್ಟಿದರೆ ಸರಿ, ಇಲ್ಲದಿದ್ದರೆ ಇಲ್ಲ. ಹಲ್ಲಿ ಹೇಳಿತೆಂದು ಒಂದು ಬಾವಿ ತೋಡಿಸಿದ್ದರು. ನೀರು ಬಿದ್ದಿರಲಿಲ್ಲ. ಅದನ್ನು ಯಾರಾದರೂ ಎತ್ತಿ ಆಡಿದರೆ, "ತೋಡು ಅಂತ ಹೇಳಿತ್ತು. ನೀರು ಬತ್ತದೆ ಅಂತ ಹೇಳಿತ್ತಾ?" ಎನ್ನುತ್ತಿದ್ದರು.

ನಮಗೆ ಚಾಪೆ ಹಾಸಿ ಕೂರಿಸಿದರು. ಹುಡುಗಿ ಚಕ್ಕುಲಿ ತಟ್ಟೆ ತಂದಿಟ್ಟಳು. ಎಲ್ಲರೂ ಹೇಳುವಂತೆ ನೆಲ ನೋಡುತ್ತ ಬರಲಿಲ್ಲ. ನೇರವಾಗಿ ನನ್ನ ಮುಖ ನೋಡಿದಳು, ಆಮೇಲೆ ನನ್ನ ಅಂಗಿಗೆ ಅಂಟಿದ್ದ ಹತ್ತಿ ನೂಲು ನೋಡಿದಳು, ನಗು ತಡೆದುಕೊಂಡು ಒಳಗೆ ಹೋದಳು. ಸುಳ್ಳು ಯಾಕೆ ಹೇಳಲಿ, ಆ ಗಳಿಗೆಯಲ್ಲೇ ನನ್ನ ಮನಸ್ಸು ಅವಳ ಹಿಂದೆ ಅಡುಗೆಮನೆಗೆ ಹೊರಟು ಹೋಯಿತು. ಇದಕ್ಕೆ ಮುಂಚೆ ಎರಡು ಕಡೆ ಹೆಣ್ಣು ನೋಡಿದ್ದೆವು. ಎರಡು ಕಡೆಯೂ ನಾನು ನೋವಿಗೆ ಕೆನ್ನೆ ಹಿಡಿದುಕೊಂಡು ಕೂತಿದ್ದು ನೋಡಿ, ಹುಡುಗನಿಗೆ ಇಷ್ಟವಿಲ್ಲ ಎಂದುಕೊಂಡು ಬಿಟ್ಟಿದ್ದರು. ಈ ಹುಡುಗಿ ಮಾತ್ರ ಕೈತಪ್ಪಬಾರದು ಎಂದು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

ಮಾತುಕತೆ ಮುಗಿದ ಮೇಲೆ ತಾತ ಗೋಡೆಗೆ ತಿರುಗಿ ಕೈಮುಗಿದು ಕೇಳಿದರು: "ಈ ಹುಡುಗನಿಗೆ ನಮ್ ಹುಡ್ಗೀನ ಕೊಡಬೋದಾ?"

ಮನೆಯೆಲ್ಲ ನಿಶ್ಶಬ್ದ. ಅವ್ವ ತೊಲೆ ನೋಡುತ್ತಾಳೆ, ಗೆಳೆಯ ಸೂರು ನೋಡುತ್ತಾನೆ. ನನ್ನ ಬಾಯಲ್ಲಿ ಅರ್ಧ ಚಕ್ಕುಲಿ. ಉಗಿಯುವಂತಿಲ್ಲ, ನುಂಗುವಂತಿಲ್ಲ. ಕಡಿದೆ.

ಲೊಚಕ್.

ತಾತ ನೆಲಕ್ಕೆ ಬೆರಳಗೆಣ್ಣಿನಿಂದ ಮೂರು ಸಲ ತಟ್ಟಿ, "ಕೃಷ್ಣ ಕೃಷ್ಣ! ನುಡೀತು!" ಎಂದರು. ಮನೆಮಂದಿಯೆಲ್ಲ ನೆಲ ತಟ್ಟಿದರು. ಹಿರಿಯರಿಗೆ ಮೋಸ ಮಾಡಬಾರದು, ನಿಜ ಹೇಳಿಬಿಡೋಣ ಎಂದುಕೊಂಡು, "ತಾತ, ಅದು ಹಲ್ಲಿಯಲ್ಲ, ನಾನು" ಎನ್ನಲು ಬಾಯಿ ತೆಗೆದೆ. ಇನ್ನೊಂದು ಲೊಚಕ್. "ಎರಡ್ ಸಲ!" ಎಂದು ತಾತ ಎದ್ದೇ ನಿಂತರು. ನಾನು ಬಾಯಿ ಮುಚ್ಚಿಕೊಂಡೆ. ಸತ್ಯ ಹೇಳಹೊರಟರೆ ಸುಳ್ಳು ಇಮ್ಮಡಿಯಾಗುವುದಾದರೆ ಏನು ಮಾಡುವುದು?

ಆಮೇಲೆ ತಾತ ತಮ್ಮ ಕಟ್ಟಳೆ ಹೇಳಿದರು. ದಸರಾ ಕಳೆದ ಮೇಲೆ ವೀಳ್ಯದೆಲೆ ಬದಲಾಯಿಸುವ ಶಾಸ್ತ್ರ. ಆ ದಿನ ಹಲ್ಲಿ ಇನ್ನೊಂದು ಸಲ ನುಡಿಯಬೇಕು. ನುಡಿಯದಿದ್ದರೆ ಎಲೆಯೂ ಇಲ್ಲ, ಅಡಿಕೆಯೂ ಇಲ್ಲ. ಹುಡುಗಿಗೆ ಹೋದ ವರ್ಷ ಗೊತ್ತಾಗಿದ್ದ ಸಂಬಂಧ ಹಾಗೇ ಮುರಿದಿತ್ತಂತೆ.

ದಾರಿಯುದ್ದಕ್ಕೂ ಅವ್ವ ಆ ಹಲ್ಲಿಯನ್ನು ಹೊಗಳಿದ್ದೇ ಹೊಗಳಿದ್ದು. "ಎಂಥ ಹಲ್ಲಿ ಮಗಾ! ಪಕ್ಕದಲ್ಲೇ ಕುಂತು ಹೇಳ್ದಂಗೆ ಹೇಳ್ತು!"

ಡಾಕ್ಟರು ಕುರ್ಚಿಯಲ್ಲಿ, ನಾನು ಯಂತ್ರದಲ್ಲಿ

ಚಕ್ಕುಲಿಯ ಪುಣ್ಯಕ್ಕೆ ಮಾರನೆಯ ದಿನ ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯಲಿಲ್ಲ. ಅವ್ವ ನನ್ನನ್ನು ರಾಜಾಜಿನಗರಕ್ಕೆ ಎಳೆದುಕೊಂಡು ಹೋದಳು. ಆಗ ರಾಜಾಜಿನಗರವೆಂದರೆ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಆ ಕಲ್ಲುಗಳ ನಡುವೆ ಒಬ್ಬ ಹಲ್ಲಿನ ಡಾಕ್ಟರು ಹೊಸದಾಗಿ ಮನೆ ಕಟ್ಟಿ, ಮುಂದಿನ ಕೋಣೆಯಲ್ಲಿ ಕುರ್ಚಿ ಹಾಕಿದ್ದರು. ಮದರಾಸಿನಲ್ಲಿ ಓದಿದವರು. ಬಿಳಿ ಕೋಟು, ಮುತ್ತಿನಂಥ ಹಲ್ಲು. ಆ ಹಲ್ಲು ನೋಡಿಯೇ ಅವ್ವನಿಗೆ ನಂಬಿಕೆ ಬಂತು.

ನನ್ನ ಎರಡೂ ಕಿವಿಯ ಮುಂದೆ ಬೆರಳಿಟ್ಟು, "ಬಾಯಿ ತೆಗೀರಿ, ಮುಚ್ಚಿ, ತೆಗೀರಿ" ಎಂದರು. "ಇದು ಹಲ್ಲು ನೋವಲ್ಲ ಕಣ್ರೀ. ಕೀಲು ನೋವು. ನಿಮ್ಮ ಒಂದು ಹಲ್ಲು ಎತ್ತರ ಇದೆ, ಬಾಯಿ ಮುಚ್ಚಿದಾಗೆಲ್ಲ ದವಡೆ ಪಕ್ಕಕ್ಕೆ ಜಾರುತ್ತೆ. ಹಲ್ಲು ಸ್ವಲ್ಪ ಉಜ್ಜಿ ತಗ್ಗಿಸೋಣ."

ಉಜ್ಜುವ ಯಂತ್ರ ಕಾಲಲ್ಲಿ ತುಳಿಯುವಂಥದು, ದರ್ಜಿಯ ಮಿಷನ್ನಿನ ಹಾಗೆ. ಡಾಕ್ಟರು ತುಳಿಯುತ್ತಾರೆ, ಮೇಲೆ ಚಕ್ರ ತಿರುಗುತ್ತದೆ, ಸೂಜಿ ನನ್ನ ಹಲ್ಲಿಗೆ ತಾಗಿದ ಕೂಡಲೇ ನಿಲ್ಲುತ್ತದೆ. ಮತ್ತೆ ತುಳಿಯುತ್ತಾರೆ, ಮತ್ತೆ ನಿಲ್ಲುತ್ತದೆ. "ಹಲ್ಲು ಬಹಳ ಗಟ್ಟಿ" ಎಂದರು. ಹಲ್ಲು ಗಟ್ಟಿಯಲ್ಲ, ಬೆಲ್ಟು ಸಡಿಲ. ಹತ್ತು ವರ್ಷ ಬೆಲ್ಟುಗಳ ಕೆಳಗೇ ಬಾಳಿದವನು, ನನಗೆ ಸದ್ದಿನಲ್ಲೇ ತಿಳಿಯಿತು. ಬಾಯಲ್ಲಿ ಅವರ ಕೈ. ನಾನು ಗಿರಣಿಯ ಅಭ್ಯಾಸಕ್ಕೆ ತುಟಿಯಾಡಿಸಿದೆ. ಅವರು, "ನೋಯುತ್ತಾ?" ಎಂದರು.

ಕೊನೆಗೆ ತಡೆಯಲಾಗದೆ ಎದ್ದೆ. ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ಯಂತ್ರದ ಮುಂದೆ ಕೂತು, ಬೆಲ್ಟು ಬಿಚ್ಚಿ, ಕತ್ತರಿಸಿ, ಮತ್ತೆ ಹೊಲಿದೆ. ಅವ್ವನ ಎಲೆಅಡಿಕೆ ಚೀಲದಲ್ಲಿದ್ದ ಜೇನುಮೇಣ ಸವರಿದೆ. ಡಾಕ್ಟರು ನಿಂತು ನಿಂತು ಸಾಕಾಗಿ, ಕೋಟು ಬಿಚ್ಚಿಟ್ಟು ಕುರ್ಚಿಯಲ್ಲಿ ಒರಗಿದರು. ನಾನು ತುಳಿದು ನೋಡಿದೆ. ಚಕ್ರ ಗಿರ್ ಎಂದು ತಿರುಗಿತು.

ಆ ಹೊತ್ತಿಗೆ ಹೊರಗಿನಿಂದ ಒಬ್ಬರು ಕೆನ್ನೆ ಊದಿಸಿಕೊಂಡು ಬಂದರು. ಕುರ್ಚಿಯಲ್ಲಿ ಒಬ್ಬ ಒರಗಿದ್ದಾನೆ, ಯಂತ್ರ ತುಳಿಯುತ್ತ ಒಬ್ಬ ಕೂತಿದ್ದಾನೆ. ಸೀದಾ ನನ್ನ ಹತ್ತಿರ ಬಂದು, "ಡಾಕ್ಟ್ರೇ, ತಡೆಯೋಕಾಗ್ತಿಲ್ಲ, ನೋಡಿ" ಎಂದು ಬಾಯಿ ತೆಗೆದರು. ನೋಡಿದೆ. ಹಿಂದಿನ ಹಲ್ಲು ಹುಳುಕು ಹಿಡಿದು ಕರ್ರಗಾಗಿತ್ತು. "ಕೀಳಬೇಕು" ಎಂದೆ.

ಡಾಕ್ಟರು ಕುರ್ಚಿಯಿಂದ ಎದ್ದು ಬಂದು ಇಣುಕಿ ನೋಡಿದರು. "ಹೌದು, ಕೀಳಬೇಕು" ಎಂದರು. ಆ ಮನುಷ್ಯ ಅವರನ್ನು ಕೆಕ್ಕರಿಸಿ ನೋಡಿ, "ನಿಮ್ಮನ್ನ ಯಾರ್ರೀ ಕೇಳಿದ್ದು?" ಎಂದರು.

ಮೂವತ್ತೆರಡು ಸಲ

ಹಲ್ಲು ಉಜ್ಜಿದ ಮೇಲೆ ಡಾಕ್ಟರು ಚೀಟಿಯಲ್ಲಿ ಪಥ್ಯ ಬರೆದುಕೊಟ್ಟರು. ಗಟ್ಟಿ ಪದಾರ್ಥ ಕೂಡದು. ಮೆತ್ತಗಿರುವುದನ್ನು ಎರಡೂ ಕಡೆ ಸಮನಾಗಿ, ನಿಧಾನವಾಗಿ, ತುತ್ತಿಗೆ ಮೂವತ್ತೆರಡು ಸಲ ಅಗಿಯಬೇಕು.

ನಮ್ಮ ಮನೆಯಲ್ಲಿ ಮೆತ್ತಗಿರುವುದೆಂದರೆ ರಾಗಿ ಮುದ್ದೆ ಒಂದೇ. ಮುದ್ದೆಯನ್ನು ಮುರಿದು, ಸಾರಿನಲ್ಲಿ ಹೊರಳಿಸಿ, ಗಂಟಲಿಗೆ ಇಳಿಸುವುದು ಹಿರಿಯರ ಕಾಲದಿಂದ ಬಂದ ಕ್ರಮ. ಅದನ್ನು ಅಗಿದವನನ್ನು ನಮ್ಮೂರು ಕಂಡಿರಲಿಲ್ಲ. ಡಾಕ್ಟರು ಹೇಳಿದ್ದಾರಲ್ಲ ಎಂದು ನಾನು ಅಗಿಯತೊಡಗಿದೆ. ಹನ್ನೊಂದನೆಯ ಸಲಕ್ಕೆ ಮೇಲಿನ ಹಲ್ಲು ಕೆಳಗಿನ ಹಲ್ಲು ಒಂದಕ್ಕೊಂದು ಅಂಟಿಕೊಂಡವು. ಅವ್ವ ತಟ್ಟೆ ಕಿತ್ತುಕೊಂಡು ಅತ್ತಳು. "ಅಯ್ಯೋ, ಹಲ್ಲಿಲ್ಲದ ಮಗೂನೂ ನುಂಗ್ತದೆ. ನನ್ನ ಮಗ ಮುದ್ದೆ ಅಗೀತಾವ್ನಲ್ಲಪ್ಪ! ಕೆಂಗೇರಿಯೋರಿಗೆ ಗೊತ್ತಾದ್ರೆ ಹೆಣ್ ಕೊಡ್ತಾರಾ?" ಪಕ್ಕದ ಮನೆಯವರು ಬೇಲಿಯ ಮೇಲಿಂದ ನನ್ನ ಊಟ ನೋಡತೊಡಗಿದರು.

ಮೂರನೆಯ ದಿನ ಅವ್ವನಿಗೆ ತಡೆಯಲಾಗಲಿಲ್ಲ. ಒಂದು ಮುದ್ದೆ, ಬೋಗುಣಿಯಲ್ಲಿ ಹುರುಳಿ ಸಾರು ಕಟ್ಟಿಕೊಂಡು, ನನ್ನನ್ನೂ ಕರೆದುಕೊಂಡು ರಾಜಾಜಿನಗರಕ್ಕೆ ನಡೆದಳು. ಡಾಕ್ಟರ ಮೇಜಿನ ಮೇಲೆ ಇಟ್ಟು, "ಸೋಮಿ, ನೀವೇ ಅಗಿದು ತೋರ್ಸಿ. ಆಮೇಲೆ ನನ್ನ ಮಗನಿಗೆ ಹೇಳಿ" ಎಂದಳು.

ಡಾಕ್ಟರು ಮುದ್ದೆ ಕಂಡವರಲ್ಲ. "ಅದರಲ್ಲೇನಮ್ಮ" ಎಂದು ನಗುತ್ತ ಒಂದು ತುತ್ತು ಬಾಯಿಗಿಟ್ಟರು. ಒಂದು, ಎರಡು, ಮೂರು ಎಂದು ಅವ್ವ ಎಣಿಸತೊಡಗಿದಳು. ಎಂಟಕ್ಕೆ ಅವರ ಮುಖ ಕೆಂಪಾಯಿತು. ಹದಿಮೂರಕ್ಕೆ ಬಾಯಿಗೆ ಕೈ ಅಡ್ಡ ಹಿಡಿದರು. ಹದಿನಾಲ್ಕಕ್ಕೆ ಮುದ್ದೆ ಹೊರಗೆ ಬಂತು. ಮುದ್ದೆಯ ಜೊತೆಗೇ ಅವರ ಮೇಲ್ಸಾಲಿನ ಮುತ್ತಿನಂಥ ಹಲ್ಲುಗಳೂ, ಗುಲಾಬಿ ಬಣ್ಣದ ಒಸಡಿನ ಸಮೇತ, ಒಟ್ಟಿಗೇ ಬಂದವು. ಎಲ್ಲವೂ ಕಟ್ಟಿಸಿಕೊಂಡ ಹಲ್ಲು!

ಅವ್ವ ಹೆದರಲಿಲ್ಲ, ನಗಲೂ ಇಲ್ಲ. ಬೋಗುಣಿಯ ಮುಚ್ಚಳ ಹಾಕುತ್ತ, "ಅದಕ್ಕೇ ಕಣಪ್ಪ, ನುಂಗ್‌ಬೇಕು ಅನ್ನೋದು" ಎಂದಳು. ಡಾಕ್ಟರು ಬೆನ್ನು ತಿರುಗಿಸಿ ಹಲ್ಲು ಹಾಕಿಕೊಂಡು, ನನ್ನ ಚೀಟಿ ಇಸಿದುಕೊಂಡು, ಕೆಳಗೆ ಸ್ಪಷ್ಟವಾಗಿ ಬರೆದರು: "ಮುದ್ದೆಗೆ ಮಾತ್ರ ವಿನಾಯಿತಿ."

ಮನೆ ನೋಡಲು ಬಂದವರು

ಆಮೇಲೆ ಡಾಕ್ಟರು, ಕೀಲಿಗೆ ವಿಶ್ರಾಂತಿ ಬೇಕೆಂದು ಒಂದು ವಾರ ದವಡೆಗೆ ಕಟ್ಟು ಹಾಕಿದರು. ಬಿಳಿ ಬಟ್ಟೆಯ ಪಟ್ಟಿ ಗದ್ದದ ಕೆಳಗಿನಿಂದ ಹೊರಟು ನೆತ್ತಿಯ ಮೇಲೆ ಗಂಟು. ಮಾತು ಬಂದ್. ಗಿರಣಿಗೆ ರಜಾ ಹಾಕಿ ಜಗಲಿಯ ಮೇಲೆ ಮಲಗಿದೆ. ಅವ್ವ ಹೊಲಕ್ಕೆ ಹೋಗುವ ಮುನ್ನ, ನೊಣ ಮುತ್ತದಿರಲೆಂದು ಕತ್ತಿನವರೆಗೆ ಬಿಳಿ ಪಂಚೆ ಹೊದಿಸಿ, ತಲೆಯ ಹತ್ತಿರ ಊದುಬತ್ತಿ ಹಚ್ಚಿಟ್ಟಳು. ತಾಯಿ ಪ್ರೀತಿ. ಸತ್ತವರ ಬಾಯಿ ತೆರೆದುಕೊಳ್ಳದಿರಲೆಂದು ನಮ್ಮಲ್ಲಿ ಹೀಗೇ ಕಟ್ಟುತ್ತಾರೆ, ಹೀಗೇ ಹೊದಿಸುತ್ತಾರೆ, ಹೀಗೇ ಊದುಬತ್ತಿ ಹಚ್ಚುತ್ತಾರೆ ಎಂಬುದು ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಹೊಳೆದದ್ದು ಹೇರೋಹಳ್ಳಿಯವರಿಗೆ. ಅವರು ಹುಡುಗಿಯ ಸೋದರಮಾವ. ಗಂಡಿನ ಮನೆ, ದನ, ಹೊಲ ಹೇಗಿದೆ ನೋಡಿಕೊಂಡು ಬಾ ಎಂದು ತಾತ ಅವರನ್ನು ಕಳಿಸಿದ್ದರು. ನಾನು ಜೊಂಪಿನಲ್ಲಿದ್ದೆ. ಕಣ್ಣು ಬಿಡುವಷ್ಟರಲ್ಲಿ ಒಬ್ಬ ದಪ್ಪ ಮೀಸೆಯವರು ಕಾಲ ಬಳಿ ಕೂತು ಗೋಳಾಡುತ್ತಿದ್ದರು.

"ಎಂಥಾ ಮಗಾನಪ್ಪಾ! ಬಂಗಾರದಂಥ ಗುಣ! ಇಂಥಾವ್ನು ಇನ್ನೆಲ್ಲಿ ಹುಟ್ತಾನೆ!"

ನಾನು ಅವರನ್ನು ಹಿಂದೆಂದೂ ನೋಡಿರಲಿಲ್ಲ. ಆದರೂ ಹೊಗಳಿಕೆ ಕೇಳಲು ಹಿತವಾಗಿತ್ತು. ಕಣ್ಣು ಮುಚ್ಚಿಕೊಂಡು ಇನ್ನೂ ಸ್ವಲ್ಪ ಕೇಳೋಣ ಎನಿಸಿತು. ಅವರು ಸುತ್ತ ನೋಡಿ, ಯಾರೂ ಇಲ್ಲವೆಂದು ತಿಳಿದು ಅಳು ನಿಲ್ಲಿಸಿದರು. "ಸದ್ಯ, ಎಲೆ ಬದ್ಲಾಯ್ಸೋಕೆ ಮುಂಚೇನೇ ಹೋದ. ನಮ್ ಹುಡ್ಗಿ ಪುಣ್ಯವಂತೆ," ಎಂದು ಸಮಾಧಾನದಿಂದ ಬೀಡಿ ತೆಗೆದು, ನನ್ನ ತಲೆಯ ಬಳಿಯ ಊದುಬತ್ತಿಯಿಂದ ಹಚ್ಚಿಕೊಳ್ಳಲು ಬಗ್ಗಿದರು.

ಬೀಡಿಯ ಹೊಗೆ ಮೂಗಿಗೆ ಹೋಯಿತು. ಬಾಯಿ ಕಟ್ಟಿದ್ದರಿಂದ ಸೀನು ಪೂರ್ತಿ ಮೂಗಿನಿಂದಲೇ ಬಂತು. ನಾನು ಧಡಕ್ಕನೆ ಎದ್ದು ಕೂತೆ. ಅವರು ಬೀಡಿ ಬಿಟ್ಟರು, ಚಪ್ಪಲಿ ಬಿಟ್ಟರು, ಒಂದೇ ನೆಗೆತಕ್ಕೆ ಹಿತ್ತಿಲಿಗೆ ಹಾರಿ ರಾಗಿ ಹುಲ್ಲಿನ ಮೆದೆಯೊಳಗೆ ನುಗ್ಗಿದರು. ಅವ್ವ ಬಂದು ಕಾಲು ಹಿಡಿದೆಳೆದು ಮಜ್ಜಿಗೆ ಕುಡಿಸಿ ವಿಷಯ ತಿಳಿಸಿದಳು. ಅವರು ತಲೆಯಾಡಿಸಿದರು. ಒಂದು ಮಾತನ್ನೂ ನಂಬಲಿಲ್ಲ.

ನನ್ನ ಮದುವೆ ಹುಲ್ಲಿನ ಮೆದೆಯಲ್ಲೇ ಮುಗಿಯಿತೆಂದು ನಾನು ಕುಗ್ಗಿಹೋದೆ. ನಾಲ್ಕನೆಯ ದಿನ ಕೆಂಗೇರಿಯಿಂದ ಸುದ್ದಿ ಬಂತು. ಸೋದರಮಾವ ಕಂಡದ್ದನ್ನೆಲ್ಲ ವರದಿ ಮಾಡಿದ್ದರು. ತಾತ ಕೇಳಿ ಬಹಳ ಸಂತೋಷಪಟ್ಟು ಹೇಳಿದರಂತೆ: "ಹೋಗೋದು ಒಂದು ಸಲ ಹೋಗಿ ಬಂದವ್ನೆ. ಇನ್ ಭಯ ಇಲ್ಲ. ಆಯಸ್ಸು ಗಟ್ಟಿ."

ವಾಸಿಯಾದ ದುಃಖ

ಕಟ್ಟು ಬಿಚ್ಚಿದ ಮೇಲೆ ಡಾಕ್ಟರು ಮೇಣದಲ್ಲಿ ನನ್ನ ಹಲ್ಲಿನ ಅಚ್ಚು ತೆಗೆದು, ತಮ್ಮ ಒಸಡಿನದೇ ಗುಲಾಬಿ ಬಣ್ಣದಲ್ಲಿ ಒಂದು ಬಿಲ್ಲೆ ಮಾಡಿಕೊಟ್ಟರು. ಕೆಳಗಿನ ಹಲ್ಲುಗಳ ಮೇಲೆ ಕೂರಿಸಿಕೊಳ್ಳಬೇಕು. ದವಡೆ ತನ್ನ ಜಾಗ ತಾನು ಹುಡುಕಿಕೊಳ್ಳುತ್ತದೆ ಎಂದರು. ನಾನು ನಂಬಿರಲಿಲ್ಲ. ಮೂರು ವಾರಕ್ಕೆ ನೋವು ಇಳಿಯಿತು. ಕೆನ್ನೆಯ ಮೇಲಿನ ಕೈ ಕೆಳಗಿಳಿಯಿತು. ಗಿರಣಿಯಲ್ಲಿ ಹೊಟ್ಟೆತುಂಬ ಮಾತಾಡಿದೆ. ಆ ಸುಖವನ್ನು ಏನೆಂದು ಹೇಳಲಿ, ವರ್ಷಗಳ ಮೇಲೆ ಬಾಯಿತುಂಬ ನಕ್ಕೆ.

ವೀಳ್ಯಕ್ಕೆ ನಾಲ್ಕು ದಿನ ಇರುವಾಗ, ಎಮ್ಮೆಯ ಮುಂದೆ ನಿಂತು ಆಕಳಿಸಿದಾಗ ಗಮನಕ್ಕೆ ಬಂತು. ಸದ್ದಿಲ್ಲ. ಬಾಯಿ ತೆಗೆದೆ, ಮುಚ್ಚಿದೆ, ಪಕ್ಕಕ್ಕೆ ತಿರುಗಿಸಿದೆ. ಇಲ್ಲ. ಬಿಲ್ಲೆ ಕಿತ್ತು ಜೇಬಿಗೆ ಹಾಕಿಕೊಂಡು ರಾಜಾಜಿನಗರಕ್ಕೆ ಓಡಿದೆ.

"ಸಾರ್, ಆ ಸದ್ದು ವಾಪಸ್ ಬೇಕು."

"ಯಾವ ಸದ್ದು?"

"ದವಡೆಯದು ಸಾರ್. ಒಂದೇ ಒಂದು ದಿನಕ್ಕೆ. ಒಂದೇ ಒಂದು ಲೊಚಕ್ ಸಾಕು. ಆಮೇಲೆ ನೀವು ಇಡೀ ದವಡೆ ಬಿಚ್ಚಿ ಇಟ್ಟುಕೊಂಡರೂ ಸರಿ."

ಎಲ್ಲವನ್ನೂ ಹೇಳಿದೆ. ತಾತ, ಹಲ್ಲಿ, ಎಲೆಅಡಿಕೆ. ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವರ ದನಿಯಲ್ಲಿ ನಿಜವಾದ ಸಂಕಟವಿತ್ತು.

"ನೋಡಪ್ಪ, ಇಷ್ಟು ವರ್ಷದಲ್ಲಿ ಈ ಕೀಲು ನೋವು ಪೂರ್ತಿ ವಾಸಿ ಮಾಡಿದ್ದು ಅಂದ್ರೆ ನಿನ್ನೊಬ್ಬನದೇ. ನಿನ್ನನ್ನೂ ಕೆಡಿಸು ಅಂತೀಯಾ?"

ಎಲೆ ಬದಲಾಯಿಸುವ ದಿನ

ಆ ನಾಲ್ಕು ದಿನ ದವಡೆಯನ್ನು ಕೆಡಿಸಲು ನಾನು ಮಾಡದ ಪ್ರಯತ್ನವಿಲ್ಲ. ಕಬ್ಬು ಸಿಗಿದೆ, ಕೊಬ್ಬರಿ ಗಿಟುಕು ಕಡಿದೆ, ಹುರಿಗಡಲೆ ಸೇರುಗಟ್ಟಲೆ ಅಗಿದೆ. ಹೊಟ್ಟೆ ಕೆಟ್ಟಿತೇ ಹೊರತು ದವಡೆ ಕೆಡಲಿಲ್ಲ. ಅಷ್ಟು ಚೆನ್ನಾಗಿ ರಿಪೇರಿಯಾಗಿತ್ತು.

ಕೆಂಗೇರಿಯ ನಡುಮನೆ ಜನದಿಂದ ತುಂಬಿತ್ತು. ಮಧ್ಯೆ ಹರಿವಾಣದಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ. ಒಂದು ಕಡೆ ನಾವು, ಇನ್ನೊಂದು ಕಡೆ ತಾತ, ನನ್ನ ಗೆಳೆಯ, ಹೇರೋಹಳ್ಳಿಯ ಸೋದರಮಾವ. ಸೋದರಮಾವ ನನ್ನಿಂದ ಎರಡು ಮಾರು ದೂರ, ಬಾಗಿಲಿಗೆ ಹತ್ತಿರ ಕೂತಿದ್ದರು. ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ಅರ್ಧ ಕಾಣುತ್ತಿದ್ದಳು.

ತಾತ ಗೋಡೆಗೆ ಕೈಮುಗಿದರು. "ಮಾತು ಕೊಟ್ಟಿದ್ದೀವಿ. ಎಲೆ ಬದ್ಲಾಯ್ಸಬೋದಾ?"

ಮನೆಯಲ್ಲಿ ಉಸಿರಿನ ಸದ್ದೂ ಇಲ್ಲ. ನಾನು ಬಾಯಿ ತೆಗೆದೆ. ಮುಚ್ಚಿದೆ. ಇನ್ನೂ ಅಗಲ ತೆಗೆದೆ. ಬಲಕ್ಕೆ ತಳ್ಳಿದೆ, ಎಡಕ್ಕೆ ತಳ್ಳಿದೆ. ಎಣ್ಣೆ ಹಾಕಿದ ಬಾಗಿಲಿನ ಹಾಗೆ ಆಡಿತು. ತಾತನ ಮುಖ ಇಳಿಯತೊಡಗಿತು. ಅವ್ವ ಸೆರಗಿನ ತುದಿ ಬಾಯಿಗೆ ಕಚ್ಚಿಕೊಂಡಳು. ಅದನ್ನು ನೋಡಿ ಇನ್ನೂ ಜೋರಾಗಿ ದವಡೆ ಬಡಿದೆ.

ಅಷ್ಟರಲ್ಲಿ ಸೋದರಮಾವ ಎದ್ದು ನಿಂತು ಕೂಗಿದರು: "ಅಯ್ಯಯ್ಯೋ, ಹುಡುಗ ಬಾಯ್ ಬಾಯ್ ಬಿಡ್ತಾವ್ನೆ! ಮತ್ತೆ ಹೊಂಟ! ನೀರು ಬಿಡ್ರೋ ಬಾಯಿಗೆ!" ಯಾರೋ ಚೊಂಬು ತಂದರು. ಯಾರೋ ನನ್ನ ತಲೆ ತೊಡೆಯ ಮೇಲೆ ಇಟ್ಟುಕೊಂಡರು. ಬಾಯಿಗೆ ನೀರು ಬಿತ್ತು, ಮೂಗಿಗೂ ಬಿತ್ತು. ಗೆಳೆಯ ಆಗಲೇ ಅಳುತ್ತಿದ್ದ.

ಆ ಗದ್ದಲದ ನಡುವೆ, ಕೆಳಗೆ ಬಿದ್ದಿದ್ದ ನನ್ನ ಕಣ್ಣಿಗೆ ಅಡುಗೆಮನೆಯ ಬಾಗಿಲು ಕಂಡಿತು. ಹುಡುಗಿ ನನ್ನನ್ನೇ ನೋಡುತ್ತ, ದನಿಯಿಲ್ಲದೆ, ತುಟಿ ಅಗಲಿಸಿ ಮಾತಾಡುತ್ತಿದ್ದಳು. ಗಿರಣಿಯವರ ಮಾತು! ಅಣ್ಣನಿಂದ ಕಲಿತಿದ್ದಳು. ಒಂದೊಂದು ಮಾತೂ ಸ್ಪಷ್ಟ: "ಇನ್ನೊಂದ್ ಸಲ ಕೇಳೋಕೆ ಹೇಳಿ."

ನಾನು ಕೆಮ್ಮುತ್ತ ಎದ್ದು ಕೂತೆ. "ತಾತ, ಈ ಗಲಾಟೇಲಿ ಅದಕ್ಕೆ ಕೇಳಿಸ್ಲಿಲ್ಲವೇನೋ. ಇನ್ನೊಂದ್ ಸಲ ಕೇಳಿ ತಾತ."

ತಾತನಿಗೆ ಮಾತು ನ್ಯಾಯವೆನಿಸಿತು. ಎಲ್ಲರನ್ನೂ ಸುಮ್ಮನಿರಿಸಿ, ಈ ಸಲ ದೊಡ್ಡ ದನಿಯಲ್ಲಿ, "ಎಲೆ ಬದ್ಲಾಯ್ಸಬೋದಾ?" ಎಂದರು.

ಅಡುಗೆಮನೆಯಿಂದ ಬಂತು: ಲೊಚ್ ಲೊಚ್ ಲೊಚ್.

ನಲವತ್ತು ಜನ ನೆಲ ತಟ್ಟಿದರು. "ಕೃಷ್ಣ ಕೃಷ್ಣ!" ನಾನು ಎಲ್ಲರಿಗಿಂತ ಜೋರಾಗಿ ತಟ್ಟಿದೆ. ತಾತ ಮಾತ್ರ ದಿಕ್ಕು ಲೆಕ್ಕ ಹಾಕುತ್ತ ನನ್ನನ್ನು ಕನಿಕರದಿಂದ ನೋಡಿದರು. "ಕೂಡಿ ಬಂತು, ಸಂತೋಸ. ಆದ್ರೆ ಈ ಸಲ ಅಡುಗೆಮನೆ ದಿಕ್ಕಿಂದ ನುಡಿದೈತೆ ಕಣಪ್ಪ. ನಿನ್ನ ಮನೇಲಿ ಕಡೇತನಕ ಹೆಂಗಸಿನ ಮಾತೇ ನಡೆಯೋದು."

ಮದುವೆಯಾಗಿ ವಾರದ ಮೇಲೆ ಹೆಂಡತಿಯನ್ನು ಕೇಳಿದೆ, "ನಿನಗೆ ಯಾವಾಗ ಗೊತ್ತಾಯ್ತು?"

"ಮೊದಲ್ನೇ ದಿನಾನೇ. ಚಕ್ಕುಲಿ ಕಡ್ದಾಗ್ಲೆಲ್ಲ ನುಡಿಯೋ ಹಲ್ಲಿ ಯಾವ್ ಊರಲ್ಲೈತೆ? ಅಲ್ದೆ ನಮ್ಮನೇಲಿ ಹಲ್ಲೀನೇ ಇಲ್ಲ."

"ಇಲ್ಲವಾ?"

"ಹೋದ್ ವರ್ಷ ಬಂದ ಗಂಡು ನಂಗೆ ಬೇಕಾಗಿರ್ಲಿಲ್ಲ. ಎಲೆ ಬದ್ಲಾಯ್ಸೋ ದಿವ್ಸ ಬೆಳಿಗ್ಗೇನೇ ಎದ್ದು, ಪೊರಕೆ ತಗೊಂಡು ಒಂದೂ ಬಿಡದಂಗೆ ಓಡಿಸ್ದೆ. ಆಮೇಲೆ ಅವು ಬರ್ಲೇ ಇಲ್ಲ."

ನಾನು ಅವಳ ಮುಖವನ್ನೇ ನೋಡಿದೆ. ನನಗೋಸ್ಕರ ಇಷ್ಟೆಲ್ಲ ಮಾಡಿದವಳು ಇವಳೊಬ್ಬಳೇ ಎನಿಸಿ ಎದೆ ತುಂಬಿ ಬಂತು. ಆ ಎದೆ ಒಂದು ತಿಂಗಳವರೆಗೆ ತುಂಬಿಯೇ ಇತ್ತು.

ತಿಂಗಳ ಮೇಲೆ ಒಂದು ದಿನ ಎಮ್ಮೆಯ ವಿಚಾರ ಬಂತು. ಒಂದನ್ನು ಮಾರಿ ಹಸು ತರೋಣ ಎಂದು ಹೆಂಡತಿ, ಬೇಡವೆಂದು ನಾನು. ಅವ್ವ ಯಾರ ಕಡೆ ಹೇಳುವುದೆಂದು ತಿಳಿಯದೆ ಕೂತಿದ್ದಳು. ಹೆಂಡತಿ ಮಾತು ಬೆಳೆಸದೆ ಅಡುಗೆಮನೆಗೆ ಎದ್ದು ಹೋದಳು. ಒಳಗಿನಿಂದ ಲೊಚ್ ಲೊಚ್ ಎಂದು ಬಂತು. ಅವ್ವ ಭಕ್ತಿಯಿಂದ ನೆಲ ತಟ್ಟಿ, "ಕೃಷ್ಣ ಕೃಷ್ಣ! ಕೆಂಗೇರಿ ಹಲ್ಲಿ ಮಗಾ, ಜೊತೇಲೇ ಬಂದ್ಬುಟ್ಟೈತೆ! ಮಾರಿಬುಡು" ಎಂದಳು. ನಾನು ಎದುರು ಶಕುನ ಕೊಡಲು ಬಾಯಿ ಅಗಲ ತೆಗೆದೆ. ಏನೂ ಬರಲಿಲ್ಲ. ಎಮ್ಮೆ ಹೋಯಿತು.

ಅಂದಿನಿಂದ ನಮ್ಮ ಮನೆಯ ಪ್ರತಿಯೊಂದು ವ್ಯಾಜ್ಯವೂ ಅಡುಗೆಮನೆಯಿಂದಲೇ ತೀರ್ಮಾನವಾಗುತ್ತ ಬಂದಿದೆ. ಡಾಕ್ಟರು ಮಾತ್ರ ನಾನು ಆ ದಾರಿಯಲ್ಲಿ ಹೋದಾಗೆಲ್ಲ ಒಳಗೆ ಕರೆದು, ಕಾದು ಕೂತ ರೋಗಿಗಳ ಮುಂದೆ ನಿಲ್ಲಿಸಿಕೊಂಡು ಹೆಮ್ಮೆಯಿಂದ ಕೇಳುತ್ತಿದ್ದರು: "ಹೇಳಪ್ಪ ಇವರಿಗೆಲ್ಲ, ಬಾಯಿ ತೆಗೆದರೆ ಈಗ ಏನಾದರೂ ಸದ್ದು ಬರುತ್ತಾ?"

"ಇಲ್ಲ ಸಾರ್," ಎನ್ನುತ್ತಿದ್ದೆ. "ಬಾಯಿ ತೆಗೆಯೋದನ್ನೇ ಬಿಟ್ಟಿದ್ದೀನಿ."